ಮುರಿದ ಕೈ, ಹಾವಿನ ರೈಲು

ನನ್ನ ಕೈ ಮುರಿದದ್ದು ಒಂದು ಕರಿಮೂತಿ ಕೋತಿಯಿಂದ. ಹೇಳಿಕೊಳ್ಳೋಕೆ ನನಗೇನೂ ನಾಚಿಕೆಯಿಲ್ಲ. ಏಪ್ರಿಲ್ ತಿಂಗಳ ಬಿಸಿಲು. ವಡೋದರಾದ ಮಂಜಲ್‌ಪುರ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಒಂದು ಕಡೆ ಪಕ್ಕದ ಮನೆಯಾಕೆ ಆಲೂಗಡ್ಡೆ ವೇಫರ್ ಹರವಿದ್ದಳು, ಇನ್ನೊಂದು ಕಡೆ ನಾನು ಅರಳು ಸಂಡಿಗೆ ಇಟ್ಟಿದ್ದೆ. ಕೋತಿ ಬಂತು. ನನ್ನ ಸಂಡಿಗೆ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಮುಖ ಸಿಂಡರಿಸಿ, ಥೂ ಅಂತ ಉಗುಳಿ, ನೆಟ್ಟಗೆ ವೇಫರ್ ಕಡೆ ನಡೆಯಿತು. ಕದ್ದುಕೊಂಡು ಹೋಗಿದ್ದರೆ ಬಿಟ್ಟುಬಿಡುತ್ತಿದ್ದೆ. ಉಗುಳಿತಲ್ಲ, ಅದಕ್ಕೆ ಪಿತ್ತ ನೆತ್ತಿಗೇರಿತು. ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದವಳು ನಾನೇ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಜಾರಿ ದಬಾರ್ ಅಂತ ಬಿದ್ದೆ. ಬಲಗೈ ಮಣಿಕಟ್ಟು ಲಟಕ್ ಅಂದಿತು. ಕೋತಿ ನೀರಿನ ಟ್ಯಾಂಕಿನ ಮೇಲೆ ಕೂತು, ವೇಫರ್ ಮೆಲ್ಲುತ್ತಾ ನನ್ನನ್ನೇ ನೋಡುತ್ತಿತ್ತು.

ಮೂಳೆ ಡಾಕ್ಟರ ಹತ್ತಿರ ನಮ್ಮನೆಯವರು ಕರೆದುಕೊಂಡು ಹೋದರು. ಅಲ್ಲಿ ಮುಂದೆ ಕೂತಿದ್ದಾಕೆ ಪೇಷಂಟ್ ಹೆಸರೇನು ಅಂತ ಕೇಳಿದಳು. ಇವರು ನನ್ನ ಕಡೆ ತಿರುಗಿ, "ಇವಳೇ, ಹೇಳು" ಅಂದರು. ನನಗೋ ಪ್ರಾಣ ಹೋಗುವಷ್ಟು ನೋವು. "ನೀವೇ ಹೇಳ್ರೀ, ನಾಲಿಗೆ ಸವೆದುಹೋಗಲ್ಲ" ಅಂದೆ. ಪುಣ್ಯಾತ್ಮ ಏನು ಮಾಡಿದರು ಗೊತ್ತಾ? ಜೇಬಿನಿಂದ ಪೆನ್ನು ತೆಗೆದು, ಚೀಟಿಯ ಮೇಲೆ ನನ್ನ ಹೆಸರು ಬರೆದು, ಆಕೆಯ ಕಡೆ ಸರಿಸಿದರು!

ಇದು ಅವರ ಮನೆತನದ ರೋಗ. ಅವರ ಅಪ್ಪ ಅವರಮ್ಮನನ್ನು "ಇವಳೇ" ಅನ್ನುತ್ತಿದ್ದರು, ಅಜ್ಜನೂ ಅಷ್ಟೇ. ನಮ್ಮ ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ತುಮಕೂರಿನಲ್ಲಿ ಮನೆ ತುಂಬಿಸಿಕೊಳ್ಳುವ ದಿನ ನನ್ನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, "ಹೆಂಡತಿ ಹೆಸರು ಹೇಳಿದರೇ ಒಳಗೆ" ಅಂತ ಕಾಡಿದ್ದರು. ಆಗ ಒಂದು ಸಲ, ಕಿವಿಯಲ್ಲಿ ಸೊಳ್ಳೆ ಗುಂಯ್ ಅಂದಷ್ಟು ಮೆಲ್ಲಗೆ ಹೇಳಿದ್ದರು. ಅದೇ ಮೊದಲು, ಅದೇ ಕೊನೆ. ಫೋನಿನಲ್ಲೂ ನನ್ನ ನಂಬರನ್ನು 'ಮನೆ' ಅಂತ ಹಾಕಿಕೊಂಡಿದ್ದಾರೆ. ಜಗಳ ಆಡುವಾಗಲೂ "ನೋಡು ಇವಳೇ" ಅಂತಲೇ ಜಗಳ. ಎಷ್ಟೋ ಸಲ ನನಗೆ, ಈ ಮನುಷ್ಯನಿಗೆ ನನ್ನ ಹೆಸರು ಮರೆತೇ ಹೋಗಿದೆಯೋ ಏನೋ ಅನ್ನಿಸಿ ಬೇಜಾರಾಗಿದ್ದುಂಟು. ಆ ಚೀಟಿ ನೋಡಿದ ಮೇಲೆ ಅಷ್ಟರ ಮಟ್ಟಿಗೆ ಸಮಾಧಾನವಾಯಿತು, ಸ್ಪೆಲಿಂಗೂ ಸರಿಯಾಗಿತ್ತು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. ಹನ್ನೊಂದು ವರ್ಷ ಅವಳಿಗೆ. ಹುಟ್ಟಿದ್ದು ಇಲ್ಲೇ, ಮಾತಾಡೋದು ಅರ್ಧ ಗುಜರಾತಿ, ಅರ್ಧ ಇಂಗ್ಲಿಷು. ಕನ್ನಡ ಒಗ್ಗರಣೆಗೆ. ನೋವಾ ಅಮ್ಮ ಅಂತ ಕೇಳಬೇಕು ತಾನೇ? ಇಲ್ಲ. "ಮಮ್ಮೀ, ರೈಡ್?" ಅಂದಳು. ಕಣ್ಣು ಆಗಲೇ ತುಂಬಿಕೊಂಡಿತ್ತು.

ತಪ್ಪು ಅವಳದಲ್ಲ. ಹಿಂದಿನ ವರ್ಷ ಸೂರತ್ ದಾರಿಯಲ್ಲಿರುವ ಒಂದು ಪಾರ್ಕಿಗೆ ಹೋಗಿದ್ದೆವು. ಅಲ್ಲಿ ಹಾವಿನ ಆಕಾರದ ಒಂದು ರೈಲಿದೆ. ಆಕಾಶಕ್ಕೆ ಹತ್ತಿ, ಅಲ್ಲಿಂದ ಪಾತಾಳಕ್ಕೆ ಬಿದ್ದು, ತಲೆಕೆಳಗಾಗಿ ಒಂದು ಸುತ್ತು ಹಾಕಿ ಬರುತ್ತೆ. ಅದನ್ನು ಹತ್ತೋಕೆ ಗೇಟಿನ ಹತ್ತಿರ ಒಂದು ಅಳತೆ ಕಂಬ. ಅದರಲ್ಲಿ ಎರಡು ಗೆರೆ. ಮೇಲಿನ ಗೆರೆ ಮುಟ್ಟಿದವರು ಒಬ್ಬರೇ ಹೋಗಬಹುದು, ಕೆಳಗಿನ ಗೆರೆ ಮುಟ್ಟಿದವರ ಪಕ್ಕದಲ್ಲಿ ದೊಡ್ಡವರು ಕೂರಬೇಕು. ಅವಳು ಕೆಳಗಿನ ಗೆರೆಗೇ ನಾಲ್ಕು ಬೆರಳು ಕಡಿಮೆ. ಅಷ್ಟು ಜನರ ಎದುರು ಸಾಲಿನಿಂದ ಆಚೆ ಕಳಿಸಿದರು. ದಾರಿ ಪೂರ್ತಿ ಅತ್ತಳು. "ಮುಂದಿನ ವರ್ಷ ನಾನೇ ಪಕ್ಕದಲ್ಲಿ ಕೂತು ಕರ್ಕೊಂಡು ಹೋಗ್ತೀನಿ, ದೇವರಾಣೆ" ಅಂತ ಮಾತು ಕೊಟ್ಟಿದ್ದೆ. ಅವತ್ತಿನಿಂದ ಬಾಗಿಲ ಚೌಕಟ್ಟಿನ ಮೇಲೆ ತಿಂಗಳಿಗೊಂದು ಪೆನ್ಸಿಲ್ ಗೀಟು. ಹಾಲು ಕಂಡರೆ ಓಡಿಹೋಗುತ್ತಿದ್ದವಳು ಮೂಗು ಮುಚ್ಚಿಕೊಂಡು ದಿನಾ ಎರಡು ಲೋಟ ಕುಡಿದಳು. ಗೆರೆ ಮುಟ್ಟಿದ್ದಳು ಈಗ. ಹೊರಡೋಕೆ ಇನ್ನು ಹತ್ತೇ ದಿನ ಇದ್ದಾಗ ಅವಳಮ್ಮ ಕೋತಿ ಹಿಂದೆ ಓಡಿದ್ದಳು.

ಅಪ್ಪ ಕೂರಬಹುದಲ್ಲ ಅಂತೀರಾ? ಅಯ್ಯೋ, ಅವರ ಕಥೆ ಬೇರೆ. ಊರಾಚೆ ಕೊಯಾಲಿಯ ಪೆಟ್ರೋಲ್ ರಿಫೈನರಿಯಲ್ಲಿ ಕೆಲಸ. ಸುತ್ತ ಮುಗಿಲು ಮುಟ್ಟುವ ಗೋಪುರಗಳು. ಇವರು ಮಾತ್ರ ನೆಲ ಅಂತಸ್ತಿನ ಲ್ಯಾಬಿನಲ್ಲಿ ಕೂತು ಸೀಸೆ ಅಲ್ಲಾಡಿಸುತ್ತಾರೆ. ಮನೆಯಲ್ಲಿ ಬಲ್ಬ್ ಹೋದರೆ ಸ್ಟೂಲ್ ಹತ್ತೋಳು ನಾನು, ಸ್ಟೂಲ್ ಹಿಡ್ಕೊಂಡು ಕಣ್ಣು ಮುಚ್ಚೋರು ಅವರು. ಮಾಲ್‌ನಲ್ಲಿ ಎಸ್ಕಲೇಟರ್ ಕಂಡರೆ, "ನೀವು ಹೋಗ್ತಿರಿ, ನಾನು ಮೆಟ್ಟಿಲಲ್ಲಿ ಬರ್ತೀನಿ, ಆರೋಗ್ಯಕ್ಕೆ ಒಳ್ಳೇದು" ಅನ್ನುವ ಆಸಾಮಿ. ಅವರನ್ನು ಆ ಹಾವಿಗೆ ಹತ್ತಿಸುವ ಯೋಚನೆ ಯಾರಿಗೂ ಬರಲಿಲ್ಲ. ಅವರಿಗಂತೂ ಬರಲೇ ಇಲ್ಲ.

"ಹೋಗೋದೇ" ಅಂದೆ ನಾನು. "ಕೊಟ್ಟ ಮಾತು ಕೊಟ್ಟದ್ದೇ. ದುಪಟ್ಟಾ ಯಾತಕ್ಕಿದೆ?"

ಹೋದೆವು. ಅಂಗೈ ತನಕ ಬರುವ ತೋಳಿನ ಕುರ್ತಾ, ಪ್ಲಾಸ್ಟರ್ ಕಾಣದ ಹಾಗೆ ಅದರ ಮೇಲೆ ಅಗಲದ ದುಪಟ್ಟಾ. ಆ ಉರಿಬಿಸಿಲಲ್ಲಿ ಮದುವೆ ಹೆಣ್ಣಿನ ಹಾಗೆ ಮುಸುಕು ಹಾಕಿಕೊಂಡು, ಕೈ ಮಡಿಸಿಕೊಂಡು, ಮಹಾ ಗಂಭೀರವಾಗಿ ಸಾಲಿನಲ್ಲಿ ನಿಂತೆ. ಮಗಳು ಒಳಗೊಳಗೇ ಕಿಸಿಕಿಸಿ ನಗುತ್ತಿದ್ದಳು. ನನಗೂ ಹುಚ್ಚು ಹಿಡಿದಂತಾಗಿತ್ತು. ನಲವತ್ತೈದು ವರ್ಷದ ಹೆಂಗಸು, ಕಾಲೇಜು ಹುಡುಗಿ ಕ್ಲಾಸ್ ತಪ್ಪಿಸಿಕೊಂಡು ಬಂದ ಹಾಗೆ ಎದೆ ಢವಢವ ಅಂತಿತ್ತು. ಇವರು ಹಿಂದೆ ನಿಂತು, "ಬೇಡ ಇವಳೇ, ಮುರಿದ ಕೈ, ಹೇಳಿದ್ದು ಕೇಳು" ಅಂತ ಮಂತ್ರ ಹೇಳುತ್ತಲೇ ಇದ್ದರು. ಯಾರು ಕೇಳ್ತಾರೆ!

ಗೇಟಿನಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು ಸೀಟಿ ನೇತುಹಾಕಿಕೊಂಡು ನಿಂತಿದ್ದಳು. ಮಗಳನ್ನು ಕಂಬಕ್ಕೆ ನಿಲ್ಲಿಸಿದಳು. ಕೆಳಗಿನ ಗೆರೆ ದಾಟಿ ಒಂದು ಬೆರಳು ಮೇಲಕ್ಕಿದ್ದಳು! ನಾವಿಬ್ಬರೂ ಕುಣಿದುಬಿಟ್ಟೆವು. ಆ ಕುಣಿತದಲ್ಲೇ ಎಲ್ಲ ಎಡವಟ್ಟಾಯಿತು. ದುಪಟ್ಟಾ ಜಾರಿತು, ಪ್ಲಾಸ್ಟರ್ ಕಬ್ಬಿಣದ ಕಂಬಿಗೆ ಬಡಿದು ಠಣ್ ಅಂತ ಸದ್ದು ಮಾಡಿತು.

"ಬೆನ್, ಹಾಥ್ ಬತಾವೋ" ಅಂದಳು. ಅಕ್ಕಾ, ಕೈ ತೋರಿಸಿ ಅಂತ.

ನಾನು ಎಡಗೈ ತೋರಿಸಿದೆ. ಆಕೆಗೆ ನಗು ತಡೆಯಲಾಗಲಿಲ್ಲ, ಸೀಟಿಯೊಳಗೇ ನಕ್ಕಳು, ಅದು ಪೀಂ ಅಂತ ಕೂಗಿತು. ಆದರೆ ಬಿಡಲಿಲ್ಲ. ದುಪಟ್ಟಾ ಸರಿಸಿ, ಪ್ಲಾಸ್ಟರ್ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ, "ನಹೀಂ ಚಾಲೇ" ಅಂದಳು. ಆಗುವುದಿಲ್ಲ ಅಂದರೆ ಆಗುವುದಿಲ್ಲ. ಅವಳು ಹೇಳಿದ್ದೇ ಸರಿ, ನನಗೂ ಗೊತ್ತಿತ್ತು. ಆದರೂ ಅರ್ಧ ಗುಜರಾತಿ, ಅರ್ಧ ಹಿಂದಿಯಲ್ಲಿ ಗೋಗರೆದೆ, ಬೈದೆ, ಕೋತಿ ಕಥೆಯನ್ನೂ ಹೇಳಿದೆ. ಕೋಣನ ಮುಂದೆ ಕಿನ್ನರಿ.

ಮಗಳು ಈ ಸಲ ಅಳಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. "ಇಟ್ಸ್ ಓಕೆ ಮಮ್ಮೀ. ನೆಕ್ಸ್ಟ್ ಇಯರ್ ನಾನು ಅಲೋನ್ ಹೋಗ್ಬಹುದು" ಅಂದು, ನನ್ನ ಒಳ್ಳೇ ಕೈ ಹಿಡಿದುಕೊಂಡು ಸಾಲಿನಿಂದ ಈಚೆ ಬರತೊಡಗಿದಳು. ಆ ಕೋತಿ ಕೈಗೆ ಸಿಕ್ಕಿದ್ದರೆ ಅಲ್ಲೇ ಸಿಗಿದು ಹಾಕುತ್ತಿದ್ದೆ.

ಆಗ ಇವರು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ವಾಚು. ಆಮೇಲೆ ಪೆನ್ನು, ಪರ್ಸು, ಮೊಬೈಲು, ಕಾರಿನ ಕೀ. ಆಪರೇಷನ್ ಥಿಯೇಟರಿಗೆ ಹೋಗುವವರ ಹಾಗೆ ಒಂದೊಂದೇ. ಮುಖ ಸುಣ್ಣ ಬಳಿದ ಗೋಡೆ.

"ರೀ, ಏನ್ರೀ ಇದು?"

"ನಡಿ ಪುಟ್ಟ" ಅಂದರು ಮಗಳಿಗೆ. ಮಗಳು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಅಪ್ಪ ಮನಸ್ಸು ಬದಲಾಯಿಸುವ ಮೊದಲೇ ತೋಳು ಹಿಡಿದು ದರದರ ಎಳೆದುಕೊಂಡು ಹೋದಳು. ಹರಕೆ ಕುರಿ ಕೂಡ ಅದಕ್ಕಿಂತ ಗೆಲುವಾಗಿ ಹೋಗುತ್ತೆ.

ನಾನು ಕಂಬಿಯ ಆಚೆ ಒಂದು ಬೆಂಚಿನ ಹತ್ತಿರ ನಿಂತೆ. ಅಲ್ಲಿ ಒಬ್ಬ ಗುಜರಾತಿ ಅಜ್ಜಿ ಡಬ್ಬಿ ಬಿಚ್ಚಿ ಥೇಪ್ಲಾ, ಅದೇ ಮೆಂತ್ಯೆ ಸೊಪ್ಪಿನ ಚಪಾತಿ, ತಿನ್ನುತ್ತಿದ್ದರು. ಮೊಮ್ಮಕ್ಕಳೆಲ್ಲ ಅದೇ ರೈಲಿನಲ್ಲಿದ್ದರಂತೆ. ಟಕ ಟಕ ಟಕ ಅಂತ ಹಾವು ಮೇಲೇರತೊಡಗಿತು. ಎಲ್ಲರ ಕೈ ಮೇಲೆ, ಇವರ ನೀಲಿ ಅಂಗಿ ಮಾತ್ರ ಮುದುಡಿ ಮೂಟೆಯಾಗಿತ್ತು. ನನಗೆ ನಗುವೂ ಬಂತು, ಭಯವೂ ಬಂತು. ಅಯ್ಯೋ ದೇವರೇ, ಬಿ.ಪಿ. ಮಾತ್ರೆ ತಗೊಂಡಿದ್ದರೋ ಇಲ್ಲವೋ ಅಂತ ಈಗ ಯೋಚನೆ ಬರಬೇಕೇ! ತುದಿಯಲ್ಲಿ ಹಾವು ಒಂದು ಕ್ಷಣ ನಿಂತಿತು.

ಬಿತ್ತು.

ಮಕ್ಕಳು ಕಿರುಚಿದರು. ಆ ಕಿರುಚಾಟವನ್ನೆಲ್ಲ ಸೀಳಿಕೊಂಡು ಒಂದು ಗಂಡಸಿನ ಧ್ವನಿ, ಸಂತೆಯಲ್ಲಿ ಕಳೆದುಹೋದ ಮಗು ಅಮ್ಮನನ್ನು ಕರೆದ ಹಾಗೆ, ನನ್ನ ಹೆಸರು ಕೂಗಿತು.

ಪೂರ್ತಿ ಹೆಸರು. ನನ್ನಜ್ಜಿ ಇಟ್ಟ ಉದ್ದನೆಯ ಹಳೇ ಹೆಸರು. ಸ್ಕೂಲಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು, ಇಲ್ಲಿಯವರಿಗೆ ನಾಲಿಗೆ ಹೊರಳುವುದಿಲ್ಲ ಅಂತ ನಾನೇ ಅರ್ಧಕ್ಕೆ ಕತ್ತರಿಸಿಕೊಂಡಿದ್ದೆ. ಅದು ಒಂದಕ್ಷರವೂ ಕಡಿಮೆಯಾಗದೆ ಆಕಾಶದಿಂದ ಬರುತ್ತಿತ್ತು. ತಿರುವಿನಲ್ಲಿ ಒಂದು ಸಲ. ತಲೆಕೆಳಗಾದಾಗ ಒಂದು ಸಲ. ಮನೆದೇವರನ್ನು ಕೂಗಲಿಲ್ಲ, ಅಮ್ಮಾ ಅನ್ನಲಿಲ್ಲ. ನನ್ನನ್ನೇ, ಪದೇ ಪದೇ, ಸೂರತ್‌ನಿಂದ ವಡೋದರಾ ತನಕ ಕೇಳಿಸುವ ಹಾಗೆ.

ಥೇಪ್ಲಾ ಅಜ್ಜಿ ತಲೆಯೆತ್ತಿ, ಪಾಪ, ಅವನು ಯಾರನ್ನು ಕರೀತಿದ್ದಾನೆ ಅಂತ ಕೇಳಿದರು. ನಾನು ಪ್ಲಾಸ್ಟರ್ ಕೈಯನ್ನು ಬಾವುಟದ ಹಾಗೆ ಮೇಲೆತ್ತಿ, "ನನ್ನನ್ನು" ಅಂತ ಗುಜರಾತಿಯಲ್ಲಿ ಅಂದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ, ಅಜ್ಜಿ ಕೈಗೊಂದು ಥೇಪ್ಲಾ ಇಟ್ಟರು.

ಇವರು ಮಗಳ ಭುಜ ಹಿಡಿದುಕೊಂಡು ಇಳಿದು ಬಂದರು. ಮಗಳು ಪಟಾಕಿ ಹಚ್ಚಿದ ಹಾಗೆ ಸಿಡಿಯುತ್ತಿದ್ದಳು. "ಮಮ್ಮೀ! ಸೂಪರ್! ಅಪ್ಪ ಕಣ್ಣೇ ಓಪನ್ ಮಾಡ್ಲಿಲ್ಲ! ನಿನ್ನ ನೇಮ್ ಐದು ಸಲ ಕೂಗಿದ್ರು, ನಾನು ಕೌಂಟ್ ಮಾಡ್ದೆ!"

"ನಾನೆಲ್ಲಿ ಕೂಗಿದೆ?" ಅಂದರು ಇವರು, ಬೆಂಚಿನ ಮೇಲೆ ಕುಸಿಯುತ್ತಾ. "ಪಕ್ಕದ ಸೀಟಿನವನು ಯಾರೋ."

"ಹೌದು ಹೌದು. ಅವನ ಹೆಂಡತಿಗೂ ನನ್ನ ಹೆಸರೇ ಇರಬೇಕು" ಅಂದೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಕ್ಕಾಗಲೆಲ್ಲ ಮಣಿಕಟ್ಟು ಚುಳುಕ್ ಅನ್ನುತ್ತಿತ್ತು, ಆದರೂ ನಗು ನಿಲ್ಲಲಿಲ್ಲ. ಗೇಟಿನ ಹೆಂಗಸು ದೂರದಿಂದಲೇ ಕೈ ಬೀಸಿ ಸೀಟಿ ಊದಿದಳು.

ವಾಪಸ್ ಬರುವಾಗ ಭರೂಚಿನಲ್ಲಿ ಕಾರು ನಿಲ್ಲಿಸಿ ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜ ತೆಗೆದುಕೊಂಡೆವು. ಪೊಟ್ಟಣ ನನ್ನ ಮಡಿಲಲ್ಲಿತ್ತು. ಮಗಳು ಹಿಂದಿನ ಸೀಟಿನಲ್ಲಿ ಬಾಯಿ ಬಿಟ್ಟುಕೊಂಡು ನಿದ್ದೆ ಹೋಗಿದ್ದಳು. ಸಂಜೆ ಬಿಸಿಲು ಇನ್ನೂ ಇತ್ತು.

"ಇವಳೇ, ನಾಲ್ಕು ಬೀಜ ಕೊಡು" ಅಂತ ಇವರು ಎಡಗೈ ಚಾಚಿದರು.

ನಾನು ಕಿಟಕಿ ಆಚೆ ನೋಡುತ್ತಾ ಕೂತೆ.

"ಇವಳೇ?"

ಒಂದು ಲಾರಿ ಹೋಯಿತು. ಇನ್ನೊಂದು ಹೋಯಿತು. ಚಾಚಿದ ಕೈ ಹಾಗೇ ಇತ್ತು. ಕರ್ಜಣ್ ಊರಿನ ಬೋರ್ಡು ಕಂಡು ಹಿಂದೆ ಸರಿಯಿತು. ಇವರು ಕನ್ನಡಿಯಲ್ಲಿ ಮಗಳು ಮಲಗಿದ್ದಾಳಾ ಅಂತ ನೋಡಿಕೊಂಡರು, ಒಂದು ಸಲ ಕೆಮ್ಮಿದರು. ಆಮೇಲೆ, ಹತ್ತೊಂಬತ್ತು ವರ್ಷದ ಹಿಂದೆ ಹೊಸ್ತಿಲಲ್ಲಿ ಹೇಳಿದಷ್ಟೇ ಮೆಲ್ಲಗೆ, ರಸ್ತೆಯಿಂದ ಕಣ್ಣು ತೆಗೆಯದೆ, ನನ್ನ ಹೆಸರು ಹೇಳಿದರು.

ಪೊಟ್ಟಣವನ್ನೇ ಎತ್ತಿ ಅವರ ಮಡಿಲಿಗೆ ಇಟ್ಟುಬಿಟ್ಟೆ.