ಪೆಟ್ಟಿಗೆ ಕೊಟ್ಟ ಎರಡು ಬೆರಳು

ಸುಟ್ಟ ಮೋಟರ್ ಹೊತ್ತು ತಂದವರು ನಿಜ ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ. 'ಏನೂ ಮಾಡಿಲ್ರಿ, ತಾನ ಸುಟ್ಟೈತಿ' ಅನ್ನುತ್ತಾರೆ. ಬೋರಿನಲ್ಲಿ ನೀರಿಲ್ಲದಾಗ ಗಂಟೆಗಟ್ಟಲೆ ಓಡಿಸಿರುತ್ತಾರೆ, ಇಲ್ಲವೇ ಮೂರು ಫೇಜ್ ಕರೆಂಟಿನಲ್ಲಿ ಒಂದು ಹೋದದ್ದನ್ನು ಕಂಡೂ ಕಾಣದವರಂತೆ ಬಿಟ್ಟಿರುತ್ತಾರೆ. ಹೊಸ ತಂತಿ ಸುತ್ತಿಕೊಡುವ ಶಿಗ್ಗಾಂವದ ನನ್ನ ವೈಂಡಿಂಗ್ ಅಂಗಡಿಯಲ್ಲಿ ಮೋಟರ್ ಬಿಚ್ಚುವ ಮೊದಲು ನಾನು ತಂದವನ ಮುಖ ನೋಡುತ್ತೇನೆ. ಆಮೇಲೆ ತಂತಿಯ ಯಾವ ಸುರುಳಿ ಕಪ್ಪಾಗಿದೆ ಎಂದು ನೋಡಿದರೆ ಸಾಕು, ತಪ್ಪು ಎಲ್ಲಾಯಿತು ಎಂಬುದು ಗೊತ್ತಾಗುತ್ತದೆ.

ಮನೆಯಲ್ಲೂ ಇದೇ ಬುದ್ಧಿ. ಹಾಲಿಗೆ ನೀರು ಬೆರೆಸಿದ್ದಾರೋ, ಸವಣೂರಿನ ವೀಳ್ಯದೆಲೆ ಎಂದು ಕೊಟ್ಟದ್ದು ಸವಣೂರಿನದೇ ಹೌದೋ, ಫೋನಿನಲ್ಲಿ ಮಾತಾಡಿದವನು ಬ್ಯಾಂಕಿನವನೇ ಹೌದೋ. 'ನಿಮಗ ನಿಮ್ಮ ನೆರಳಿನ ಮ್ಯಾಲೂ ಸಂಶೇ ಐತಿ' ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಈ ಗುಣದಿಂದ ನನಗೆ ಲಾಭವೇ ಆಗಿದೆ ಎಂದು ಹೋದ ವರ್ಷದ ಶೀಗಿ ಹುಣ್ಣಿಮೆಯವರೆಗೂ ತಿಳಿದಿದ್ದೆ.

ನನ್ನ ಬಲಗೈಯಲ್ಲಿ ತೋರುಬೆರಳು, ನಡುಬೆರಳು ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಹಿರೇಬೆಂಡಿಗೇರಿಯ ನಮ್ಮ ಕಣದಲ್ಲಿ ಗೋವಿನಜೋಳದ ರಾಶಿ ಮಾಡುವಾಗ ಮಶಿನ್ ಎಳೆದುಕೊಂಡಿತು. ಟ್ರ್ಯಾಕ್ಟರಿನ ಹಿಂದೆ ಜೋಡಿಸಿ ತಿರುಗಿಸುವ, ತೆನೆಯಿಂದ ಕಾಳು ಬಿಡಿಸುವ ಮಶಿನ್ ಅದು. ಅಣ್ಣ ಟ್ರ್ಯಾಕ್ಟರ್ ಮೇಲೆ, ನಾನು ಮಶಿನ್ ಬಾಯಿಗೆ ತೆನೆ ಸುರಿಯುವವನು. ತೆನೆ ಸಿಕ್ಕಿಕೊಂಡು ಮಶಿನ್ ಕಟ್ಟಿಕೊಂಡರೆ ಅಣ್ಣ ಲೀವರ್ ಎಳೆದು ನಿಲ್ಲಿಸಬೇಕು, ನಾನು ಕೈ ಹಾಕಿ ಬಿಡಿಸಬೇಕು.

ಈ ಕೆಲಸಕ್ಕೆ ನಮ್ಮ ಕಡೆ ಒಂದು ಪದ್ಧತಿ ಇದೆ. ಕೈ ಹಾಕುವವನು ಮೊದಲು ತನ್ನ ಟವೆಲ್ ಒಯ್ದು ಲೀವರ್ ಮೇಲೆ ಹಾಕಬೇಕು. ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದರೆ ಆ ಸೀಟನ್ನು ಯಾರೂ ಮುಟ್ಟುವುದಿಲ್ಲವಲ್ಲ, ಹಾಗೆ. ಹಾಕಿದವನೇ ಬಂದು ಟವೆಲ್ ತೆಗೆಯುವವರೆಗೆ ಮಾಲಕನೂ ಲೀವರ್ ಮುಟ್ಟುವಂತಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ರಾಶಿ ಮಾಡುವ ಎಲ್ಲರಿಗೂ ಗೊತ್ತು.

ಅವತ್ತು ನಾನು ಟವೆಲ್ ಹಾಕಿದ್ದೆ. ಹದಿನೆಂಟು ವರ್ಷ ಹಾಗೆಂದು ಹೇಳಿಕೊಂಡು ಬಂದೆ. ಅಣ್ಣ ಮಶಿನ್ ನಿಲ್ಲಿಸಿ ನೀರು ಕುಡಿಯಲು ಇಳಿದು ಹೋದ, ತಿರುಗಿ ಬಂದು ಲೀವರ್ ಹಾಕಿದ, ನನ್ನ ಕೈ ಒಳಗಿತ್ತು. ಎಚ್ಚರ ತಪ್ಪುವ ಮೊದಲು ಕಂಡದ್ದು ಇಷ್ಟೇ: ಕೆಂಪು ಅಂಚಿನ ನನ್ನ ಟವೆಲನ್ನು ಅಣ್ಣ ನನ್ನ ಕೈಗೆ ಸುತ್ತುತ್ತಿದ್ದ. ಲೀವರ್ ಮೇಲಿದ್ದ ಟವೆಲ್ ಅವನ ಕೈಗೆ ಹೇಗೆ ಬಂತು? ತೆಗೆದದ್ದಕ್ಕೆ ಬಂತು. ಅವಸರಕ್ಕೆ ತೆಗೆದನೋ, ಬೇಕೆಂದೇ ತೆಗೆದನೋ? ಆ ವರ್ಷ ಮನೆಯಲ್ಲಿ ಹೊಲ ಪಾಲಾಗುವ ಮಾತು ನಡೆದಿತ್ತು. ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಆಸ್ಪತ್ರೆಯಲ್ಲಿ ಮಾತಾಡುವಷ್ಟು ಶಕ್ತಿ ಬಂದ ಕೂಡಲೇ ಅವನಿಗೆ ಹೇಳಿದ ಮೊದಲ ಮಾತು, 'ಟವೆಲ್ ಯಾಕ ತಗದಿ?' ಅಣ್ಣ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕುಳಿತ. ತಪ್ಪು ಮಾಡದವನು ತಲೆ ಯಾಕೆ ತಗ್ಗಿಸುತ್ತಾನೆ? ನನಗೆ ಅಷ್ಟು ಸಾಕಾಗಿತ್ತು. ಊರು ಬಿಟ್ಟು ಶಿಗ್ಗಾಂವಕ್ಕೆ ಬಂದೆ, ಮೂರು ಬೆರಳಿನಲ್ಲೇ ವೈಂಡಿಂಗ್ ಕಲಿತೆ. ಅಣ್ಣನ ಮನೆಯ ಹೊಸ್ತಿಲು ತುಳಿಯಲಿಲ್ಲ, ಅಲ್ಲಿಯ ನೀರು ಮುಟ್ಟಲಿಲ್ಲ. ಶೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಆ ಎಡೆಯನ್ನೇ ಚರಗವೆಂದು ಪೈರಿನ ಮೇಲೆ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಪ್ರತಿ ವರ್ಷ ಅಣ್ಣ ಆ ಊಟದ ಬುತ್ತಿಯನ್ನು ಬಸ್ಸಿನಲ್ಲಿ ಕಳಿಸುತ್ತಿದ್ದ. ಹೆಂಡತಿ, ಮಕ್ಕಳು ಉಣ್ಣುತ್ತಿದ್ದರು. ನಾನು ಮನೆಯಲ್ಲಿ ಬೇರೆ ಅನ್ನ ಮಾಡಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ಹುಣ್ಣಿಮೆಗೆ ಮೂರು ದಿನ ಇರುವಾಗ ಹಾನಗಲ್ಲಿನ ಕೃಷಿ ಕಚೇರಿಯಿಂದ ಕರೆ ಬಂತು. ರಾಶಿ ಮಶಿನ್ ನಡೆಸುವವರಿಗೆ ಅಲ್ಲೊಂದು ತರಬೇತಿ. ಸುಗ್ಗಿಗೆ ಮೊದಲು ಅವರಿಗೆ ಅಪಾಯ ತಿಳಿಸಿಕೊಡಬೇಕು, ಬೆರಳು ಕಳೆದುಕೊಂಡವರೊಬ್ಬರು ಬಂದು ಕೈ ತೋರಿಸಿ ಎರಡು ಮಾತು ಹೇಳಬೇಕು ಎಂದರು. ನನ್ನ ಕೈ ಅಂದರೆ ಇವರಿಗೆ ಪ್ರದರ್ಶನದ ಸಾಮಾನೇ ಎಂದು ಸಿಟ್ಟು ಬಂತು. ಇದರಲ್ಲಿ ಯಾರಿಗೆ ಏನು ಸಿಗುತ್ತದೆ ಎಂದು ಯೋಚಿಸಿದೆ. ಯೋಚಿಸಿಯೂ ಹೊಳೆಯದಿದ್ದರಿಂದಲೇ, ನೋಡಿಯೇ ಬಿಡೋಣ ಎಂದು ಬಂಕಾಪುರದ ಮೇಲಿನ ಬಸ್ಸು ಹತ್ತಿದೆ.

ಹಾನಗಲ್ಲಿನ ತರಬೇತಿ ಕೋಣೆಯಲ್ಲಿ ಮಶಿನ್ ಇರಲೇ ಇಲ್ಲ. ಮೇಜಿನ ಮೇಲೆ ಒಂದು ಪೆಟ್ಟಿಗೆ ಇತ್ತು, ಕಣ್ಣಿಗೆ ಕಟ್ಟಿಕೊಳ್ಳುವಂಥದ್ದು. ಹೆಡ್‌ಸೆಟ್ ಅನ್ನುತ್ತಾರೆ. ತರಬೇತಿ ಕೊಡಲು ಹುಬ್ಬಳ್ಳಿಯಿಂದ ಬಂದಿದ್ದವಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಮಶಿನ್ ಒಳಗೇ ಇದೆ, ಕಟ್ಟಿಕೊಂಡರೆ ಕಾಣುತ್ತದೆ ಎಂದಳು. ಅದಕ್ಕೆ ಮೊದಲು ಒಂದು ಕಾಗದಕ್ಕೆ ಸಹಿ ಕೇಳಿದಳು. ಎರಡು ಸಲ ಓದಿದೆ.

'ಕೈಯಾಗ ಏನೂ ಹಿಡಕೊಳ್ಳೂದು ಬ್ಯಾಡ್ರಿ ಕಾಕಾ, ಬರೇ ಕೈ ಸಾಕು. ಮುಂದ ಈ ಸಣ್ಣ ಕ್ಯಾಮೆರಾ ಅದಾವಲ್ಲ, ಅವು ನಿಮ್ಮ ಕೈ ನೋಡ್ತಾವು. ಒಂದೊಂದ ಗೆಣ್ಣು ಗುರುತು ಹಿಡಿದು ಒಳಗ ಹಂಗ ಕೈ ತೋರಸ್ತಾವು' ಎಂದಳು.

'ನೋಡಿದ್ದನ್ನ ಎಲ್ಲಿ ಇಡ್ತಾವು?'

'ಎಲ್ಲೂ ಇಡೂದಿಲ್ರಿ.'

'ಎಲ್ಲೂ ಇಡದಿದ್ರ ಸಹಿ ಯಾಕ ತಗೊಂಡ್ರಿ?'

ಅವಳು ನಕ್ಕಳು. ಕುರ್ಚಿಗಳಲ್ಲಿ ಕೂತಿದ್ದ ಹಿರೇಕೆರೂರು ಕಡೆಯ ಆಪರೇಟರುಗಳೂ ನಕ್ಕರು. ನಾನು ಪೆಟ್ಟಿಗೆ ಕಟ್ಟಿಸಿಕೊಂಡೆ.

ಒಳಗೆ ಒಂದು ಕಣ. ನಮ್ಮ ಕಣದಷ್ಟು ಚಂದವಿಲ್ಲ, ಬಣ್ಣ ಬಳಿದ ಗೋಡೆಚಿತ್ರದ ಹಾಗೆ. ಎದುರಿಗೆ ಮಶಿನ್, ಪಕ್ಕದಲ್ಲಿ ಟ್ರ್ಯಾಕ್ಟರ್. ಕೈ ಎತ್ತಿ ನೋಡಿಕೊಂಡೆ. ಬೂದು ಬಣ್ಣದ ಎರಡು ಕೈ ಎದ್ದು ಬಂದವು. ಬಲಗೈಯಲ್ಲಿ ಐದು ಬೆರಳಿದ್ದವು.

ಮುಷ್ಟಿ ಮಾಡಿದೆ, ಐದೂ ಮಡಚಿಕೊಂಡವು. ಬಿಡಿಸಿದೆ, ಐದೂ ಬಿಚ್ಚಿಕೊಂಡವು. ಆ ಎರಡು ಮಾತ್ರ ಆಗಾಗ ಸ್ವಲ್ಪ ನಡುಗುತ್ತಿದ್ದವು. ಎಡಗೈಯಿಂದ ಮುಟ್ಟಿ ನೋಡಿಕೊಂಡರೆ ಮೊಂಡು ಗೆಣ್ಣು, ಕಣ್ಣಿಗೆ ಮಾತ್ರ ಉದ್ದನೆಯ ಬೆರಳು. ಖುಷಿಯಾಯಿತು ಎಂದು ಹೇಳಿದರೆ ಸುಳ್ಳು. ಯಾರೋ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಮೈ ಉರಿಯಿತು.

'ಏನವಾ, ನಿನ್ನ ಪೆಟಗಿ ನನಗ ಐದು ಬೆರಳು ಕೊಟ್ಟೈತಲ್ಲ' ಎಂದೆ.

'ಅದು ಅಂದಾಜು ಮಾಡ್ತೈತ್ರಿ ಕಾಕಾ. ಅದಕ್ಕ ಕಲಿಸೂಮುಂದ ತೋರಿಸಿದ್ದು ಹೆಚ್ಚಾಗಿ ಐದು ಬೆರಳಿನ ಕೈನ. ಕಾಣದಿದ್ದಲ್ಲಿ, ಇಲ್ಲಿ ಬೆರಳು ಇರಬೇಕು ಅಂತ ತಾನ ತುಂಬತೈತಿ.'

'ಅಂದ್ರ ಸುಳ್ಳು ಹೇಳ್ತೈತಿ.'

'ಸುಳ್ಳು ಅಲ್ರಿ. ಅದಕ್ಕ ಅದ ಖರೇ ಅನಸ್ತೈತಿ.'

ಸುಳ್ಳುಗಾರರನ್ನು ವಹಿಸಿಕೊಳ್ಳುವವರೆಲ್ಲ ಹೀಗೇ ಮಾತಾಡುತ್ತಾರೆ ಎಂದುಕೊಂಡೆ.

ಪಾಠ ಶುರುವಾಯಿತು. ಒಳಗಿನ ಮಶಿನ್ ಕಟ್ಟಿಕೊಂಡು ನಿಂತಿತು. ಬಾಯಿಗೆ ಕೈ ಹಾಕಿ ತೆನೆ ಬಿಡಿಸಬೇಕು. ತಪ್ಪಿದರೆ ಕೆಂಪು ದೀಪ ಹತ್ತಿ ಗಂಟೆ ಬಾರಿಸುತ್ತದೆಯಂತೆ. ನಾನು ಮುಂದಕ್ಕೆ ಬಾಗಿದೆ. ಬೂದು ಕೈಗಳು ತಟ್ಟನೆ ಮಾಯವಾದವು.

'ಕಾಕಾ, ಕೈ ಮುಖದ ಹತ್ತರ ಒಯ್ಯಬ್ಯಾಡ್ರಿ. ಕ್ಯಾಮೆರಾಕ್ಕ ಕಾಣೂದಿಲ್ಲ.'

'ನಾ ಎಲ್ಲಿ ಒಯ್ದೇನಿ?'

ಮತ್ತೆ ಮಾಡಿಸಿದಳು. ಮತ್ತೆ ಕೈ ಮಾಯ, ಮತ್ತೆ ಅದೇ ಮಾತು. ಮಶಿನ್ ಕೆಟ್ಟಿದೆ, ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಸುಟ್ಟ ಮೋಟರ್ ತಂದವರೂ ಇದನ್ನೇ ಮಾಡುತ್ತಾರೆ. ಮೂರನೆಯ ಸಲ ನನ್ನ ಗೆಣ್ಣು ಪೆಟ್ಟಿಗೆಯ ಕೆಳಅಂಚಿಗೆ ಬಡಿಯಿತು. ನೋವಾಯಿತು. ಅಂದರೆ ಕೈ ಮುಖಕ್ಕೆ ಹೋಗಿದ್ದು ಹೌದು.

ನಾಲ್ಕನೆಯ ಸಲ ನನ್ನ ಕೈಯನ್ನು ನಾನೇ ಕಾವಲು ಕಾದೆ. ಮಶಿನ್ ಬಾಯಿಯ ಕಡೆ ಬಾಗಿದಾಗ ಬಲಗೈ ತಾನಾಗಿ ಮೇಲೆದ್ದಿತು. ಹೆಬ್ಬೆರಳು ಮತ್ತು ಉಂಗುರಬೆರಳು ಮೂಗಿನ ಹತ್ತಿರ ಏನನ್ನೋ ಚಿವುಟಿ ಹಿಡಿದು ಮೇಲಕ್ಕೆ ಎಳೆದವು. ಅಲ್ಲಿ ಏನೂ ಇರಲಿಲ್ಲ. ಎಳೆದ ಮೇಲೆ ಕೈ ನೆಟ್ಟಗೆ ಮಶಿನ್ ಬಾಯಿಗೆ ಹೋಯಿತು.

ಧೂಳಿಗೆ ಬಾಯಿ, ಮೂಗು ಮುಚ್ಚಿ ಟವೆಲ್ ಕಟ್ಟಿಕೊಂಡವನು ಮಾಡುವ ಕೆಲಸ ಅದು. ಟವೆಲ್ ಜಾರಿದರೆ ಮೂಗಿನ ಮೇಲೆ ಏರಿಸಿಕೊಳ್ಳುತ್ತಾನೆ. ತೆನೆ ಸುರಿಯುವಾಗ ನಾವೆಲ್ಲ ಹಾಗೇ ಕಟ್ಟಿಕೊಳ್ಳುತ್ತಿದ್ದೆವು. ಆದರೆ ಮಶಿನ್ ಬಾಯಿಗೆ ಕೈ ಹಾಕುವ ಮೊದಲು ಅದನ್ನು ಬಿಚ್ಚಿ ಲೀವರ್ ಮೇಲೆ ಹಾಕಬೇಕು. ಲೀವರ್ ಮೇಲಿದ್ದ ಟವೆಲನ್ನು ಮೂಗಿನ ಮೇಲೆ ಏರಿಸಿಕೊಳ್ಳಲು ಬರುವುದಿಲ್ಲ.

ಪೆಟ್ಟಿಗೆ ಬಿಚ್ಚಿ ಎಂದೆ. ಬೆವರಿದ್ದೆ. ಅವಳು ನೀರು ಕೊಟ್ಟಳು. ಆಮೇಲೆ ಮಾತಾಡಬೇಕಿತ್ತು, ಕೈ ತೋರಿಸಿ, 'ಟವೆಲ್ ಹಾಕೂದು ಮರೀಬ್ಯಾಡ್ರಿ' ಎಂದಷ್ಟೇ ಹೇಳಿ ಕೂತೆ. ಅಣ್ಣ ಟವೆಲ್ ತೆಗೆದ ಕಥೆಯನ್ನು ಹೇಳಲೆಂದೇ ಹೋಗಿದ್ದೆ, ಅದು ಬಾಯಿಗೆ ಬರಲಿಲ್ಲ.

ಬಸ್ಸಿನಲ್ಲಿ ಬರುವಾಗ ಆ ಕೈಸನ್ನೆಯನ್ನೇ ಅನುಮಾನಿಸಿದೆ. ಹಳೆಯ ಚಟ ಇರಬಹುದು, ತೆನೆ ಸುರಿಯುವಾಗಿನದು ಇರಬಹುದು. ಎಷ್ಟು ತಿರುವಿ ಹಾಕಿದರೂ ಲೆಕ್ಕ ಕೂಡಲಿಲ್ಲ. ಆ ದಿನ ಟವೆಲ್ ಲೀವರ್ ಮೇಲೆ ಹಾಕಿದ್ದನ್ನು ನೆನೆಯಲು ಕಣ್ಣು ಮುಚ್ಚಿದೆ. ನೆನಪಾಯಿತು, ಸ್ಪಷ್ಟವಾಗಿ ನೆನಪಾಯಿತು. ಆದರೆ ಅದು ಹಿಂದಿನ ದಿನದ್ದೂ ಆಗಬಹುದಿತ್ತು, ಅದರ ಹಿಂದಿನದ್ದೂ ಆಗಬಹುದಿತ್ತು. ಆ ಸುಗ್ಗಿಯಲ್ಲಿ ದಿನಾ ಹಾಕಿದ್ದೆನಲ್ಲ. ಕಾಣದಿದ್ದಲ್ಲಿ ಇರಬೇಕು ಎಂದು ನಾನೂ ತುಂಬಿಕೊಂಡಿದ್ದೆನೋ ಏನೋ. ಹೆದರಿಕೆಯಾಯಿತು. ಹದಿನೆಂಟು ವರ್ಷ ಒಬ್ಬ ಮನುಷ್ಯನನ್ನು ದೂರ ಇಟ್ಟದ್ದು ಯಾವ ಆಧಾರದ ಮೇಲೆ?

ಹುಣ್ಣಿಮೆಯ ದಿನ ಬೆಳಿಗ್ಗೆ ಹಿರೇಬೆಂಡಿಗೇರಿಗೆ ಹೋಗುತ್ತೇನೆ ಎಂದಾಗ ಹೆಂಡತಿ ಕೈಯಲ್ಲಿದ್ದ ಚರಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಸೀರೆ ಬದಲಿಸಿ ನನ್ನ ಹಿಂದೆ ಹೊರಟಳು.

ಊರಲ್ಲಿ ಇಳಿದು ಅವಳು ಅಣ್ಣನ ಮನೆಗೆ ಹೋದಳು, ನಾನು ನೆಟ್ಟಗೆ ಹೊಲಕ್ಕೆ ಹೋದೆ. ಉಳಿದವರು ಇನ್ನೂ ಬಂದಿರಲಿಲ್ಲ. ಅಣ್ಣ ಕಣದಲ್ಲಿ ರಾಶಿ ಮಶಿನ್ನಿನ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಗ್ರೀಸ್ ಹಚ್ಚುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಟ್ರ್ಯಾಕ್ಟರ್ ಬಂದ್ ಆಗಿತ್ತು, ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಲೀವರ್ ಮೇಲೆ ಅವನ ಟವೆಲ್ ಇತ್ತು. ಅವನು ಕೈ ಹೊರಗೆ ತೆಗೆದು, ಬಂದು ಟವೆಲ್ ಎತ್ತಿಕೊಳ್ಳುವವರೆಗೆ ನಾನು ಸುಮ್ಮನೆ ನಿಂತೆ. ಆಗ ನನ್ನನ್ನು ಕಂಡ.

'ಅವತ್ತು ನನ್ನ ಟವೆಲ್ ಎಲ್ಲಿತ್ತು?' ಎಂದೆ. ಬೇರೆ ಮಾತು ಹೊಳೆಯಲಿಲ್ಲ.

ಅಣ್ಣ ಅದೇ ಟವೆಲಿಗೆ ಕೈ ಒರೆಸಿಕೊಂಡ. 'ಈಗ್ಯಾಕ ಅದು?'

'ಹೇಳು.'

'ನಿನ್ನ ಬಾಯಿಗೆ ಕಟ್ಟಿತ್ತು. ಗಂಟು ಬಿಗಿ ಆಗಿತ್ತು, ಕೈಲೆ ಬಿಚ್ಚಾಕ ಬರಲಿಲ್ಲ. ಹಲ್ಲಿಲೆ ಬಿಚ್ಚಿ ನಿನ್ನ ಕೈಗೆ ಸುತ್ತಿದೆ.'

'ಆಸ್ಪತ್ರ್ಯಾಗ ಕೇಳಿದಾಗ ಯಾಕ ಹೇಳಲಿಲ್ಲ?'

'ನೀ ಎಲ್ಲಿ ಕೇಳಿದಿ? ಯಾಕ ತಗದಿ ಅಂದಿ. ಹೇಳಿದ್ರ ನೀ ನಂಬತಿದ್ದೇನು?' ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. 'ಮತ್ತ ನನ್ನ ತಪ್ಪೂ ಐತಿ. ಲೀವರ್ ಮ್ಯಾಲ ಟವೆಲ್ ಐತೇನು ಅಂತ ನೋಡಿದೆ. ನಿನ್ನ ನೋಡಲಿಲ್ಲ.'

ಅಷ್ಟರಲ್ಲಿ ಅಣ್ಣನ ಹೆಂಡತಿ ವೈನಿ, ನನ್ನ ಹೆಂಡತಿ, ಮನೆಯವರೆಲ್ಲ ಬುಟ್ಟಿ ಹೊತ್ತು ಬಂದರು. ಎಡೆ ಹಿಡಿದರು, ಚರಗ ಚೆಲ್ಲಿದರು. ಬದುವಿನ ಪಕ್ಕ ಎಲ್ಲರೂ ಎರಡು ಸಾಲಾಗಿ ಕೂತೆವು. ವೈನಿ ನನಗೆ ಸಜ್ಜಿ ರೊಟ್ಟಿ, ಪುಂಡಿಪಲ್ಯ ಹಾಕಿದರು. ಅಣ್ಣ ಎದುರಿಗೆ ಕೂತಿದ್ದ.

ನಾನು ರೊಟ್ಟಿ ಮುರಿದೆ. ಎರಡು ಬೆರಳಿಲ್ಲದ ಕೈಯಿಂದ ಒಣರೊಟ್ಟಿ ಮುರಿಯುವುದಕ್ಕೆ ಒಂದು ರೀತಿ ಇದೆ. ಅಂಗೈಯಿಂದ ಒತ್ತಿ ಹಿಡಿದು, ಕಿರುಬೆರಳಿನಿಂದ ಮಡಚಿ, ತುಣುಕನ್ನು ಹೆಬ್ಬೆರಳಿಗೆ ಅವುಚಿಕೊಂಡು ಬಾಯಿಗೆ ಒಯ್ಯಬೇಕು. ನನ್ನ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ, ಅವರ ಗಮನಕ್ಕೇ ಬರುವುದಿಲ್ಲ. ಅಣ್ಣ ಅಂದೇ ಮೊದಲ ಸಲ ನೋಡಿದ್ದು. ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಸ್ಪತ್ರೆಯಲ್ಲಿ ತಗ್ಗಿಸಿದ ಹಾಗೆಯೇ ತಲೆ ತಗ್ಗಿಸಿದ. ಈ ಸಲ ನಾನು ಹತ್ತಿರವೇ ಕೂತಿದ್ದೆ, ಅವನ ತಾಟಿನೊಳಗೆ ಹನಿ ಬೀಳುವುದು ಕಾಣಿಸಿತು.