ಖಾನಾವಳಿಯ ರೊಟ್ಟಿ ಹಲಗೆಗೆ ನಾನು ಹಚ್ಚಿದ ಎಣ್ಣೆ

೧೯೮೭ರಲ್ಲಿ ನಾನು ಹೈದರಾಬಾದಿನ ಉಪ್ಪಲ್‌ನಲ್ಲಿ ಬಡಿಗನಾಗಿದ್ದೆ. ಮೆಟ್ರಿಕ್ ಮುಗಿಸಿದವನು, ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ಬರುತ್ತಿತ್ತು. ಇದನ್ನು ಮೊದಲೇ ಹೇಳುತ್ತೇನೆ, ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ.

ಗುಲಬರ್ಗಾ ಕಡೆಯ ಸರೋಜಕ್ಕ ಕಾಚಿಗೂಡ ಸ್ಟೇಷನ್ ಹತ್ತಿರ ಜೋಳದ ರೊಟ್ಟಿಯ ಖಾನಾವಳಿ ತೆರೆಯುತ್ತಿದ್ದರು. ರೊಟ್ಟಿ ಬಡಿಯಲು ನಾಲ್ಕು ತೇಗದ ಹಲಗೆ ಮಾಡಿಸಿದರು. ಎಣ್ಣೆ ಕುಡಿಸದಿದ್ದರೆ ಹಲಗೆ ನೀರು ಹೀರಿ ಸೀಳುತ್ತದೆ. ಗಾಣದ ಹಸಿ ಅಗಸೆ ಎಣ್ಣೆ ಇದಕ್ಕೆ ಒಳ್ಳೆಯದು, ಆದರೆ ಒಣಗಲು ಎರಡು ಮೂರು ವಾರ ಬೇಕು. ಬಣ್ಣದ ಅಂಗಡಿಯ ‘ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಸಹ ಅಗಸೆಯದೇ. ಬೇಗ ಒಣಗಲೆಂದು ಅದಕ್ಕೆ ‘ಡ್ರೈಯರ್’ ಎಂಬ ಲೋಹದ ರಾಸಾಯನಿಕ ಬೆರೆಸಿರುತ್ತಾರೆ. ಬಾಗಿಲಿಗೆ ಅದು ಸರಿ, ಹೊಟ್ಟೆಗೆ ಸೇರಬಾರದು. ಡಬ್ಬಿಯ ಮೇಲೆ ಹಾಗೆಂದು ಬರೆದಿತ್ತು.

ಸರೋಜಕ್ಕನಿಗೆ ಸೋಮವಾರವೇ ಹಲಗೆ ಬೇಕಿತ್ತು. ಡಬ್ಬಿಯದನ್ನೇ ಹಚ್ಚಿದೆ.

“ಇದು ಹೊಟ್ಟಿಗಿ ಹೋದ್ರ ನಡೀತೈತೇನ್ರಿ?” ಎಂದು ಅವರು ಕೇಳಿದರು.

“ಅಗಸಿ ಎಣ್ಣಿ ರೀ ಅಕ್ಕಾ. ದಿನಾ ಅಗಸಿ ಚಟ್ನಿ ತಿನ್ನೋ ಮಂದಿ ನಾವು, ನಮಗೇನ್ ಆಕ್ಕೈತಿ?”

ಅಕ್ಕ ನಕ್ಕು ಒಪ್ಪಿಕೊಂಡರು.

ಹದಿನೈದು ದಿನದ ಮೇಲೆ ಬೆಂಚು ಜೋಡಿಸಲು ಹೋದೆ. ಒಳಗೆ ಜಗಳ ನಡೆದಿತ್ತು. ರೊಟ್ಟಿ ಬಡಿಯುವ ನಾಗವ್ವ ಗಂಡನನ್ನು ಕಳೆದುಕೊಂಡವಳು. ಖಾನಾವಳಿಯ ಹಿಂದಿನ ಕೋಣೆಯೇ ಅವಳ ಮನೆ.

“ಏನ್ ಬೇ ನಾಗವ್ವಾ, ತಲಿಗಿ ಎಣ್ಣಿ ಹಚ್ಚಿದ ಕೈಲೆನ ಹಿಟ್ಟು ನಾದ್ತಿಯೇನು? ರೊಟ್ಟಿ ಎಣ್ಣಿ ವಾಸನಿ ಹೊಡ್ಯಾಕತ್ತೈತಿ, ಗಿರಾಕಿ ತಾಟು ಬಿಟ್ಟು ಎದ್ದು ಹೊಂಟಾರ!” ಎಂದು ಸರೋಜಕ್ಕ ಗದರುತ್ತಿದ್ದರು.

“ನನ್ನ ತಲಿ ಎಣ್ಣಿ ಕಂಡು ಎಷ್ಟು ದಿನಾ ಆತೋ, ಅಕ್ಕಾರ! ವಾಸನಿ ಹಲಗೀದೈತ್ರಿ, ಮೂಸಿ ನೋಡ್ರಿ,” ಎಂದ ನಾಗವ್ವ ನನ್ನತ್ತ ತಿರುಗಿದಳು. “ಯಣ್ಣಾ, ನೀನರ ಹೇಳು.”

ಇನ್ನೂ ಆರು ಬೆಂಚು, ಎರಡು ಕಪಾಟಿನ ಕೆಲಸ ನನಗೆ ಬರುವುದಿತ್ತು.

“ಹಲಗಿಗೆ ಹಚ್ಚಿದ್ದು ಉಣ್ಣೋ ಎಣ್ಣೀನ ರೀ,” ಎಂದೆ.

ನಾಗವ್ವ ಕೈಯ ಹಿಟ್ಟು ತೊಳೆದು, ಮಧ್ಯಾಹ್ನವೇ ಗಂಟು ಕಟ್ಟಿಕೊಂಡು ಹೋದಳು.

ಹೊಸಬಳು ಬಂದಳು, ವಾಸನೆ ಹೋಗಲಿಲ್ಲ. ವಾರದ ನಂತರ ಹೋಗಿ ಸರೋಜಕ್ಕನೆದುರು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ.

“ಈಗ ಹೇಳಿದ್ರ ನಾ ಏನ್ ಮಾಡ್ಲಿ? ಆಕಿ ಊರ ಹೆಸರು ಸೈತ ನಾ ಕೇಳಿದ್ದಿಲ್ಲ,” ಎಂದರು.

ಹಲಗೆಗಳನ್ನು ಕೀಸಿ ನೋಡಿದೆ. ಎಣ್ಣೆ ಆಳಕ್ಕೆ ಇಳಿದಿತ್ತು. ಒಡೆದು ಹಾಕಿ, ಹೊಸ ಹಲಗೆ ಮಾಡಿ ಗಾಣದ ಎಣ್ಣೆ ಹಚ್ಚಿ ಮೂರು ವಾರ ಒಣಗಿಸಿ ಕೊಟ್ಟೆ. ಅಷ್ಟರಲ್ಲಿ ಗಿರಾಕಿಗಳು ಬೇರೆ ಖಾನಾವಳಿ ಹಿಡಿದಿದ್ದರು. ದೀಪಾವಳಿಗೆ ಮುಂಚೆ ಸರೋಜಕ್ಕ ಬಾಗಿಲು ಮುಚ್ಚಿದರು. ಮೊದಲ ಮೂರು ವಾರ ಆ ಹಳೆಯ ಹಲಗೆಯ ರೊಟ್ಟಿ ತಿಂದವರಿಗೆ ಏನಾಯಿತೋ ನನಗೆ ತಿಳಿಯದು. ನಾಗವ್ವನನ್ನು ಕಾಚಿಗೂಡದಿಂದ ಲಿಂಗಂಪಲ್ಲಿಯವರೆಗೆ ಕನ್ನಡದವರ ಖಾನಾವಳಿಗಳಲ್ಲಿ ವಿಚಾರಿಸಿದೆ. ಎಲ್ಲೂ ಸಿಗಲಿಲ್ಲ.

ಅಡುಗೆಮನೆಯ ಮರಕ್ಕೆ ಉಣ್ಣುವ ಎಣ್ಣೆಯನ್ನೇ ಹಚ್ಚಬೇಕು, ಒಣಗುವವರೆಗೆ ಗಿರಾಕಿಯನ್ನು ಕಾಯಿಸಬೇಕು. ಇದು ನನಗೆ ಮೊದಲೇ ಗೊತ್ತಿತ್ತು. ಕಸುಬು ಹೊಸದಾಗಿ ಕಲಿಸಿದ್ದು ಒಂದೇ: ಕೆಟ್ಟ ಹಲಗೆಯನ್ನು ಒಡೆದು ಮತ್ತೊಂದು ಮಾಡಿಕೊಡಬಹುದು, ಅಂದು ನಾಗವ್ವನೆದುರು ಆಡಿದ ಮಾತನ್ನು ಹಾಗೆ ಮಾಡಲಾಗದು.