ಚಪ್ಪರದಡಿ ಸಿಗದ ಬಿಸಿಲು

ದ್ರಾಕ್ಷಿ ಬಳ್ಳಿಯ ಕವಾತ್ತು, ಅಂದರೆ ಸವರುವ ಕೆಲಸ, ಮುಗಿದ ಮಾರನೇ ದಿನ. ಕಡಿದ ಕಡ್ಡಿ ಹೆಕ್ಕಲು ತೋಟದಲ್ಲಿ ಕುಕ್ಕರಗಾಲಲ್ಲಿ ಕೂತೆ.

ಏಳಲಾಗಲಿಲ್ಲ.

ತೊಡೆಯಲ್ಲಿ ಜೀವವೇ ಇರಲಿಲ್ಲ. ಚಪ್ಪರದ ಕಲ್ಲುಕಂಬ ತಬ್ಬಿಕೊಂಡು ಎದ್ದೆ. ಸೊಂಟದ ಮೂಳೆ ಕೆಲವು ತಿಂಗಳಿಂದ ನೋಯುತ್ತಿತ್ತು. ಕತ್ತರಿ ಹಿಡಿದ ಕೈ ತಲೆ ಮೇಲೆ ನಿಲ್ಲುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆ. ಆ ಸಂಜೆ ಎರಡೂ ಕಡೆ ಓಲಾಡುತ್ತ ಮನೆಗೆ ಬಂದೆ.

"ಏನೇ, ಬಾತುಕೋಳಿ ಹಂಗೆ ಬತ್ತೀಯ?" ಅಂದರು ನಮ್ಮ ಮನೆಯವರು.

ಅವರದು ಒಂದೇ ಕೆಲಸ. ಬೆಳಿಗ್ಗೆ ಹತ್ತಕ್ಕೆ ಅಂಗಿ ಬಿಚ್ಚಿ ಮನೆ ಮುಂದಿನ ಕಲ್ಲಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತರೆ ಊಟಕ್ಕೇ ಏಳುವುದು. ನಲವತ್ತು ವರ್ಷ ಬೈದಿದ್ದೇನೆ. ಕಲ್ಲು ಸವೆದಿದೆ, ಅವರು ಸವೆದಿಲ್ಲ.

ಮಗ ಮುರುಗೇಶ ಹೇಳಿದ, "ಅವ್ವಾ, ತೋಟಾನ ಗುತ್ತಿಗೆಗೆ ಕೊಟ್ಬುಡೋಣ. ನೀ ಮನೇಲಿರು."

ಮನೆಯಲ್ಲಿ ಕೂತು ಏನು ಮಾಡಲಿ? ಇರುವ ಒಬ್ಬರನ್ನೇ ಎಷ್ಟು ಬೈಯಲಿ?

"ಕೊಯ್ಲಿಗೆ ಇನ್ನೂ ನಾಕು ತಿಂಗಳೈತೆ," ಅಂದೆ. "ಆವತ್ತು ನಾ ಕತ್ತರಿ ಹಿಡೀದಿದ್ರೆ ಕೊಡು."

ಸೊಸೆ ಸೆಲ್ವಿ ಶೇರ್ ಆಟೋದಲ್ಲಿ ಕಂಬಂ ಪೇಟೆಯ ಆಸ್ಪತ್ರೆಗೆ ಕರೆದೊಯ್ದಳು. ಎಕ್ಸ್‌ರೇ ತೆಗೆದರು, ಬ್ಲಡ್ ಟೆಸ್ಟ್ ಮಾಡಿದರು. ಡಾಕ್ಟರ್ ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಅಜ್ಜಿಗೆ ಪಾಟಿ ಅನ್ನುವ ತಮಿಳಲ್ಲಿ ಹೇಳಿದಳು, "ಪಾಟಿ, ವಿಟಮಿನ್ ಡಿ ಮೂವತ್ತಾದರೂ ಇರಬೇಕು. ನಿಮಗೆ ಎಂಟಿದೆ. ಬಿಸಿಲು ಸಾಲದು."

ಸಿಟ್ಟು ಬಂತು. "ಹುಟ್ಟಿದಾಗಿಂದ ತೋಟದಲ್ಲೇ ಇದ್ದೀನಮ್ಮ. ನಿನ್ನ ಮಿಷಿನ್ ಇನ್ನೊಂದ್ಸಲ ನೋಡು."

"ಏನು ಬೆಳೆ?"

"ದ್ರಾಕ್ಷಿ."

"ಚಪ್ಪರದ ಕೆಳಗಾ ಕೆಲಸ?"

"ಮತ್ತೆ? ಮೇಲೆ ಹತ್ತಿ ಕೂತ್ಕೊಳ್ಳಾ?"

ಸೆಲ್ವಿ ಬಾಯಿ ಹಾಕಿದಳು. "ಸೀರೆ ಮೇಲೆ ಮಾವಂದು ತುಂಬು ತೋಳಿನ ಶರ್ಟು, ತಲೆಗೆ ಟವಲು. ಬಿಸಿಲೇಳೋ ಮುಂಚೆ ಹೋಯ್ತಾರೆ, ಇಳಿದ್ಮೇಲೆ ಬತ್ತಾರೆ."

ಡಾಕ್ಟರ್ ನಕ್ಕಳು. ನನಗೂ ತಿಳಿಯಿತು. ಕಪ್ಪಾಗಬಾರದೆಂದು ಹುಡುಗಿಯಾಗಿದ್ದಾಗ ಹಿಡಿದ ಶರ್ಟಿನ ಅಭ್ಯಾಸವನ್ನು, ಮುದುಕಿಯಾಗಿ ಯಾರೂ ಬಣ್ಣ ನೋಡದ ಕಾಲದಲ್ಲೂ ಬಿಟ್ಟಿರಲಿಲ್ಲ. ಇಷ್ಟು ವರ್ಷ ನನ್ನ ತೋಟದ ಬಿಸಿಲನ್ನೆಲ್ಲ ದ್ರಾಕ್ಷಿ ಎಲೆ ಕುಡಿದಿತ್ತು. ಈ ವಿಟಮಿನ್ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೂಳೆಗೆ ಹೋಗುವುದಿಲ್ಲವಂತೆ, ತೊಡೆ ತೋಳಿನ ಶಕ್ತಿಯೂ ಇಳಿಯುತ್ತದಂತೆ. ವಾರಕ್ಕೊಂದು ಪೊಟ್ಟಣದ ಪುಡಿ, ಹಾಲಲ್ಲಿ. "ಬೇಗ ವಾಸಿಯಾಗಲಿ ಅಂತ ದಿನಾ ಕುಡೀಬೇಡಿ ಪಾಟಿ," ಅಂದಳು. ನನ್ನ ಮುಖ ನೋಡಿಯೇ ಕಂಡುಹಿಡಿದಿರಬೇಕು. ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಆಮೇಲೆ ದಿನಾ ಹನ್ನೊಂದು ಗಂಟೆಗೆ ಅರ್ಧ ಗಂಟೆ ಕೈಕಾಲಿಗೆ ಬಿಸಿಲು ಬೀಳುವಂತೆ ಸುಮ್ಮನೆ ಕೂರಬೇಕು.

ಸುಮ್ಮನೆ!

ಮುಂದಿನ ಸಲ ಮನೆಯವರೂ ಬಂದು ಟೆಸ್ಟಿಗೆ ರಕ್ತ ಕೊಟ್ಟರು. ಅವರ ರಿಪೋರ್ಟ್ ಬಂತು.

ಮೂವತ್ನಾಲ್ಕು.

ಬೀದಿಗೆಲ್ಲ ಸಾರಿಕೊಂಡು ಬಂದು ನನಗೆ ಹೇಳಿದರು, "ನನ್ನ ಸೋಮಾರಿ ಅಂತಿದ್ದೆ ನೀನು. ನಲವತ್ತು ವರ್ಷದಿಂದ ಔಷಧಿ ತಗೋತಿದ್ದೆ ಕಣೇ."

ಅದೇ ಕಲ್ಲಿನ ಮೇಲೆ ಅವರ ಪಕ್ಕ ಕೂತೆ. ಎದುರು ಮನೆಯ ಚಿನ್ನಕ್ಕ ಬಿಂದಿಗೆ ಇಳಿಸಿ ನಿಂತಳು. "ಏನಕ್ಕಾ, ಹೊಸ ಮದುವೆ ಹೆಣ್ಣು ಹಂಗೆ ಗಂಡನ್ನ ಅಂಟ್ಕೊಂಡು ಕೂತಿದ್ದೀಯ?"

"ಡಾಕ್ಟರು ಬರೆದು ಕೊಟ್ಟವ್ರೆ. ಹೋಗೇ ನೀನು."

ಮೊದಲ ತಿಂಗಳು ಏನೂ ಕಾಣಲಿಲ್ಲ. ಪ್ರತಿ ಸಲ ಏಳುವಾಗಲೂ ಅವರೇ ಕೈ ಕೊಟ್ಟರು. ಕೈ ಕೊಟ್ಟು ನಕ್ಕರು, ಅದೇ ಕಷ್ಟ. ಎರಡನೇ ತಿಂಗಳು ಮೂಳೆನೋವು ಇಳಿಯಿತು. ಮೂರನೇ ತಿಂಗಳು ತಲೆ ಬಾಚಲು ಕೈ ಎತ್ತಿದೆ, ಕೈ ನಿಂತಿತು. ಸೆಲ್ವಿಗೆ ತೋರಿಸಲು ಎರಡು ಸಲ ಬಾಚಿದೆ.

ಕೊಯ್ಲಿನ ದಿನ ಬಂತು. ಮಗ ದೂರ ನಿಂತು ನೋಡುತ್ತಿದ್ದ. ತೋಳು ಮಡಿಚಿದ ಶರ್ಟಿನಲ್ಲಿ ಒಂದು ಸಾಲು ಕೊಯ್ದೆ. ಗೊಂಚಲು ಕ್ರೇಟಿಗೆ ತುಂಬಲು ಕುಕ್ಕರಗಾಲಲ್ಲಿ ಕೂತೆ. ನಮ್ಮ ಮನೆಯವರು ಓಡಿ ಬಂದು ಕೈ ಚಾಚಿದರು. ಒಂದು ಕೈ ಮೊಣಕಾಲಿಗೆ ಒತ್ತಿ ನಾನೇ ಎದ್ದೆ.

"ಮುಂದಿನ ಕವಾತ್ತಿಗೆ ಯಾವಾಗ ಆಳು ಕರೀಲಿ, ಅವ್ವಾ?" ಅಂದ ಮಗ.

ಇನ್ನೂ ಸ್ವಲ್ಪ ಓಲುತ್ತೇನೆ. ಮುಂದಿನ ತಿಂಗಳು ಮತ್ತೆ ರಕ್ತ ಕೊಡಬೇಕು. ನೋಡೋಣ.

ಇವರ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಅದಕ್ಕೆ ಕತ್ತರಿ ಕೊಟ್ಟೆ.

"ಮೂವತ್ನಾಲ್ಕು ಐತಲ್ಲ," ಅಂದೆ. "ಆ ಸಾಲು ನೀವು ಕುಯ್ರಿ."